ಮಡಚದ ಕಾಲು

"ಬಲಗಾಲು ಕೂತ್ಕತು. ಇನ್ನ ಎಡಗಾಲು. ಮೈ ಸೆಟೆಯಕ್ಕೆ ಮುಂಚೆ ಆಗ್ಬೇಕು, ಒತ್ತು ಸೋಮ," ಎಂದಳು ಸುನಂದಮ್ಮ.

ಸೋಮಶೇಖರ್ ತಾಯಿಯ ಎಡಮಂಡಿಯ ಕೆಳಗೆ ಒಂದು ಕೈ ಕೊಟ್ಟ. ಇನ್ನೊಂದು ಕೈಯಲ್ಲಿ ಪಾದ ಹಿಡಿದು ಒಳಕ್ಕೆ ಒತ್ತಿದ. ಮಂಡಿ ಮಡಚಲಿಲ್ಲ. ಬದಲಿಗೆ ಇಡೀ ದೇಹ ಬಲಕ್ಕೆ ವಾಲಿತು. ಹಿಂದೆ ಕೂತು ತಾಯಿಯ ಬೆನ್ನನ್ನು ತನ್ನ ಎದೆಗೆ ಆನಿಸಿಕೊಂಡಿದ್ದ ಪುಟ್ಟಿ ಗೋಡೆಗೆ ಕೈಯೂರಿ ತಡೆದಳು. ಮಡಚುವುದಿಲ್ಲ ಎಂದು ಸೋಮಶೇಖರನಿಗೆ ಗೊತ್ತಿತ್ತು. ಗೊತ್ತಿದ್ದೂ ದೊಡ್ಡವ್ವ ಹೇಳಿದಳೆಂದು ಇನ್ನೊಮ್ಮೆ ಒತ್ತಿದ.

"ಬುಡಣ್ಣ," ಎಂದಳು ಪುಟ್ಟಿ. "ಅವ್ವಂಗೆ ನೋವಾಯ್ತದೆ."

ಆ ಮಾತಿನ ತಪ್ಪು ಅಲ್ಲಿದ್ದ ಯಾರಿಗೂ ಹೊಳೆಯಲಿಲ್ಲ. ಸೋಮಶೇಖರ್ ಕೈ ತೆಗೆದ.

ಶಿವರುದ್ರಮ್ಮ ತೀರಿಕೊಂಡದ್ದು ಆ ಬೆಳಗ್ಗೆ, ಹಾಲು ಕರೆಯುವ ಹೊತ್ತಿನಲ್ಲಿ. ಕಂಪಲಾಪುರದಿಂದ ಒಳಕ್ಕಿರುವ ಆ ಊರಿಗೆ ಅವಳ ಅಕ್ಕ ಸುನಂದಮ್ಮ ಚುಂಚನಕಟ್ಟೆಯಿಂದ, ಮಗಳು ಪುಟ್ಟಿ ಗಾವಡಗೆರೆಯಿಂದ ಬಿಸಿಲೇರುವ ಮೊದಲೇ ಬಂದು ಮುಟ್ಟಿದ್ದರು. ಅವರ ಪೈಕಿಯಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಪೂಜೆಗೆ ಕೂತವರ ಹಾಗೆ ಕಾಲು ಮಡಚಿ ಕೂರಿಸಿ, ಹಣೆಗೆ ವಿಭೂತಿ ಬಳಿದು, ಎಡ ಅಂಗೈಯಲ್ಲಿ ಇಷ್ಟಲಿಂಗವಿಟ್ಟು, ಕೂತಂತೆಯೇ ಮಣ್ಣಿಗೆ ಇಳಿಸುತ್ತಾರೆ. ಸುನಂದಮ್ಮ ತನ್ನ ತಾಯಿ, ತಂದೆ, ಅತ್ತೆ ಎಲ್ಲರನ್ನೂ ಹಾಗೆಯೇ ಕಳಿಸಿದವಳು.

"ಮಂಡಿಗೆ ರಾಡು ಹಾಕವ್ರೆ ಅಂದ್ರಿ. ವಸಿ ಬಿಗಿ ಇದ್ದಾತು ಅಂದ್ಕಂಡಿದ್ದೆ."

"ತೊಡೆಯಿಂದ ಕಣಕಾಲ್ಗಂಟ ಒಂದೇ ರಾಡು ಕಣ್ ದೊಡ್ಡವ್ವ," ಎಂದ ಸೋಮಶೇಖರ್. "ಅಲ್ಲಿ ಮಂಡೀನೇ ಇಲ್ಲ."

ಸುನಂದಮ್ಮ ತಂಗಿಯ ಕಾಲನ್ನು ಮೆಲ್ಲಗೆ ಮುಟ್ಟಿ ನೋಡಿದಳು. ತೊಡೆಯಿಂದ ಕೆಳಗಿನವರೆಗೆ ಒಂದು ಉದ್ದನೆಯ ಗಾಯದ ಗುರುತು ಹರಿದಿತ್ತು. ಒಣಗಿ, ನುಣುಪಾಗಿ, ಸುತ್ತಲ ಚರ್ಮಕ್ಕಿಂತ ಬಿಳುಪಾಗಿತ್ತು. ಬಾಗಿಲಾಚೆ ಜಗಲಿಯ ಮೇಲೆ ಶಿವರುದ್ರಮ್ಮನ ಗಂಡ ಗಂಗಾಧರಪ್ಪ ಕೂತಿದ್ದ. ಒಳಗಿನ ಮಾತೆಲ್ಲ ಅವನಿಗೆ ಕೇಳಿಸುತ್ತಿತ್ತು. ಅವನು ಒಳಗೆ ಬರಲಿಲ್ಲ.

*

ಶಿವರುದ್ರಮ್ಮನ ಬದುಕು ಬಹಳಮಟ್ಟಿಗೆ ನೆಲದ ಮೇಲೆ ಕೂತೇ ನಡೆದದ್ದು. ಹೊಗೆಸೊಪ್ಪಿನ ಕಾಲ ಬಂತೆಂದರೆ ಸೊಪ್ಪು ಹದಮಾಡುವ ಬಿಸಿಮನೆ ಬ್ಯಾರನ್ನಿನಲ್ಲಿ ಬೇಯಿಸಿದ ಎಲೆ ರಾಶಿರಾಶಿಯಾಗಿ ಹಜಾರಕ್ಕೆ ಬರುತ್ತಿತ್ತು. ಗೋಣಿತಾಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಒಳ್ಳೆ ಬಣ್ಣದ್ದನ್ನು ಒಂದು ಕಡೆ, ಮಚ್ಚೆ ಬಿದ್ದದ್ದನ್ನು ಇನ್ನೊಂದು ಕಡೆ ಬೇರೆ ಮಾಡಿ ಕಟ್ಟು ಕಟ್ಟುವುದು ಅವಳ ಕೆಲಸ. ಕೈಗೆ ಹತ್ತಿದ ಅಂಟು ಸೀಗೆಪುಡಿ ಹಾಕಿ ತಿಕ್ಕಿದರೂ ಹೋಗುತ್ತಿರಲಿಲ್ಲ. ಸುತ್ತ ಕೂತ ಹೆಂಗಸರನ್ನು ನಗಿಸುವುದೂ ಅವಳದೇ ಕೆಲಸವಾಗಿತ್ತು. ಹರಾಜು ಮಾರುಕಟ್ಟೆಯ ಮುಖವನ್ನೇ ಕಾಣದವಳು ಗಂಡ ಬಂದು ಹೇಳಿದ್ದನ್ನಷ್ಟೇ ಕೇಳಿಕೊಂಡು, ಸೊಪ್ಪಿನ ಪಿಂಡಿಯಿಂದ ಪಿಂಡಿಗೆ ಓಡುತ್ತ ಬೆಲೆ ಕೂಗುವ ಹರಾಜುದಾರನ ಹಾಗೆ ಒಂದೇ ಉಸಿರಿಗೆ ಕೂಗಿ ತೋರಿಸುವಳು. ಅಂಥ ಹೊತ್ತಿನಲ್ಲಿ ಗಂಗಾಧರಪ್ಪ ಬಂದರೆ ನಗು ನಿಂತುಬಿಡುತ್ತಿತ್ತು. ಅವನು ಕಂಡೂ ಕಾಣದವನಂತೆ ಹೋಗಿಬಿಡುತ್ತಿದ್ದ.

ಐವತ್ತೈದು ದಾಟುವಷ್ಟರಲ್ಲಿ ಎಡಮಂಡಿ ಹೋಯಿತು. ಸೋಮಶೇಖರ್ ಬಲವಂತ ಮಾಡಿ ಮೈಸೂರಿಗೆ ಕರೆದೊಯ್ದು ಹೊಸ ಮಂಡಿ ಹಾಕಿಸಿದ. ಅವಳು ನಡೆದಳು. ಪುಟ್ಟಿಯ ಮನೆ ಒಕ್ಕಲಿನ ದಿನ ಪಂಕ್ತಿಯ ಈ ತುದಿಯಿಂದ ಆ ತುದಿಗೆ ಪಾಯಸದ ಬಕೆಟ್ ಹಿಡಿದು ಓಡಾಡಿದಳು. ಮಳೆಗಾಲ ಹಿಡಿದ ಮೇಲೆ ಆ ಮಂಡಿ ಮುಟ್ಟಿದರೆ ಬಿಸಿಯಾಗತೊಡಗಿತು. ಆಮೇಲೆ ಕೆಂಪಾಯಿತು. ಆಮೇಲೆ ಹೊಲಿಗೆಯ ಒಂದು ಮೂಲೆಯಿಂದ ಕೀವು ಒಸರಿತು.

ಅಲ್ಲಿಂದ ಆಸ್ಪತ್ರೆಯೇ ಮನೆಯಾಯಿತು. ತೆರೆದು ತೊಳೆದರು. ಮತ್ತೆ ತೆರೆದು ತೊಳೆದರು. ಕೊನೆಗೆ ಹಾಕಿದ ಮಂಡಿಯನ್ನೇ ತೆಗೆದು, ಆ ಜಾಗಕ್ಕೆ ಔಷಧಿ ಬೆರೆಸಿದ ಸಿಮೆಂಟಿನ ಗಟ್ಟಿಯಿಟ್ಟು, ತಿಂಗಳುಗಟ್ಟಲೆ ನರಕ್ಕೆ ಇಂಜೆಕ್ಷನ್ ಬಿಟ್ಟರು. ಅಷ್ಟು ಔಷಧಿ ಹರಿದರೂ ಯಾಕೆ ವಾಸಿಯಾಗುವುದಿಲ್ಲ ಎಂದು ಶಿವರುದ್ರಮ್ಮ ಒಂದು ದಿನ ಡಾಕ್ಟರನ್ನೇ ಕೇಳಿದಳು. ಅವರು ಇನ್ನೂ ಎಳೆ ವಯಸ್ಸಿನವರು, ಬೇಸರ ಮಾಡಿಕೊಳ್ಳದೆ ಹೇಳಿದರು.

"ಮಾಂಸಕ್ಕೆ, ಮೂಳೆಗೆ ಆದ್ರೆ ರಕ್ತ ಹೋಗುತ್ತಮ್ಮ, ರಕ್ತದ ಜೊತೆ ಔಷಧಿ ಹೋಗುತ್ತೆ. ಲೋಹಕ್ಕೆ ರಕ್ತ ಎಲ್ಲಿಂದ ಬರಬೇಕು? ಕೀಟಾಣು ಅದರ ಮೇಲೆ ಕೂತು ಪಾಚಿ ಕಟ್ಟಿಬಿಡುತ್ತೆ. ಔಷಧಿ ಆ ಪಾಚಿಯ ಮೇಲೇ ಹರಿದು ಹೋಗುತ್ತೆ. ಬುಡಕ್ಕೆ ಇಳಿಯಲ್ಲ."

"ಕೆರೆ ಮೆಟ್ಲು ಮೇಲೆ ಕಟ್ತದಲ್ಲ, ಅಂಗೆ."

"ಹೂಂ, ಹಾಗೇ."

"ಅದ್ನ ನಾವು ತೆಂಗಿನ ನಾರಲ್ಲಿ ಉಜ್ತೀವಿ ಡಾಕ್ಟ್ರೇ."

"ನಾವೂ ಉಜ್ಜಿದೀವಮ್ಮ," ಎಂದರು ಡಾಕ್ಟರು. ನಗಲು ಹೋಗಿ ನಗಲಿಲ್ಲ.

ಇನ್ನುಳಿದಿರುವುದು ಒಂದೇ ದಾರಿ ಎಂದು ಅವರು ಹೇಳಿದ್ದು ಆ ದಿನವೇ. ಮೂಳೆ ಬಹಳ ತಿಂದುಹೋಗಿದೆ. ಇನ್ನೊಂದು ಮಂಡಿಯನ್ನು ಅದು ಹಿಡಿಯಲಾರದು. ತೊಡೆಮೂಳೆಗೂ ಮೊಣಕಾಲಿನ ಕೆಳಗಿನ ಮೂಳೆಗೂ ಸೇರಿಸಿ ಉದ್ದನೆಯ ರಾಡು ಹಾಕಬೇಕು. ಆ ರಾಡಿನ ಮೇಲೆ ಬೆಳ್ಳಿಯ ಲೇಪ ಇರುತ್ತದೆ. ಬೆಳ್ಳಿ ಇರುವ ಕಡೆ ಕೀಟಾಣು ಅಷ್ಟು ಸುಲಭಕ್ಕೆ ನೆಲೆಯೂರುವುದಿಲ್ಲ.

ಶಿವರುದ್ರಮ್ಮನ ಕೈ ಕತ್ತಿನಲ್ಲಿದ್ದ ಬೆಳ್ಳಿಯ ಕರಡಿಗೆಗೆ ಹೋಯಿತು. ಲಗ್ನದ ದಿನದಿಂದ ಅವಳ ಇಷ್ಟಲಿಂಗ ಅದರೊಳಗೇ ಇತ್ತು. "ಇದೇ ಬೆಳ್ಳೀನಾ?"

"ಅದೇ."

ಸೋಮಶೇಖರ್ ಕೇಳಿದ: "ಮೊದ್ಲೇ ಇಂಥ ಲೇಪ ಇರಾದ್ನೇ ಹಾಕಿದ್ರೆ, ಇಷ್ಟೆಲ್ಲ ಆಯ್ತಿತ್ತಾ ಡಾಕ್ಟ್ರೇ?"

"ಮೊದಲನೇ ಸಲ ಯಾರಿಗೂ ಇದನ್ನ ಹಾಕಲ್ಲ. ಸೋಂಕು ಬಂದು ಬಂದು ಬೇರೆ ದಾರಿ ಇಲ್ಲದವರಿಗೆ ಮಾತ್ರ. ನೂರು ಜನಕ್ಕೆ ಮಂಡಿ ಹಾಕಿದ್ರೆ ಒಬ್ಬರಿಗೋ ಇಬ್ಬರಿಗೋ ಹೀಗಾಗುತ್ತೆ. ಯಾರಿಗೆ ಆಗುತ್ತೆ ಅಂತ ಮೊದಲೇ ತಿಳಿಯೋ ಹಾಗಿದ್ರೆ..."

ಸಿಟ್ಟು ಮಾಡಿಕೊಳ್ಳಲು ಸೋಮಶೇಖರನಿಗೆ ಯಾರೂ ಸಿಗಲಿಲ್ಲ.

"ಆಮೇಲೆ ಕಾಲು ಮಡಚಾಕಾಗಲ್ಲ," ಎಂದಳು ಶಿವರುದ್ರಮ್ಮ. "ಅಂಗಾರೆ ಕೂರಾದು?"

"ಕುರ್ಚಿ ಮೇಲೆ ಕೂರಬಹುದಮ್ಮ. ಕಾಲು ಮುಂದಕ್ಕೆ ಚಾಚ್ಕೊಂಡು."

"ಅದಲ್ಲ. ಕಡೇಲಿ. ನಮ್ಮೋರಲ್ಲಿ ಕಡೇಲಿ ಕೂರ್ಸ್ತಾರಲ್ಲ..."

"ಬಸ್ಸಿನಲ್ಲಾ? ಹೌದು, ಕಡೇ ಸೀಟೇ ಅನುಕೂಲ. ಅಲ್ಲಿ ಕಾಲಿಗೆ ಜಾಗ ಇರುತ್ತೆ."

ಶಿವರುದ್ರಮ್ಮ ಗಂಡನ ಮುಖ ನೋಡಿದಳು. ಅವಳು ಏನು ಕೇಳಿದಳೆಂದು ಗಂಗಾಧರಪ್ಪನಿಗೆ ಗೊತ್ತಾಗಿತ್ತು. ಇರುವುದು ಒಂದೇ ದಾರಿ ಎಂದಮೇಲೆ ಆ ಮಾತು ಬಿಡಿಸಿ ಹೇಳಿ ಏನಾಗಬೇಕು? ಅವನು ಎಕ್ಸರೇ ಹಾಳೆ ಸಿಕ್ಕಿಸಿದ್ದ ಬೆಳಕಿನ ಪೆಟ್ಟಿಗೆಯನ್ನೇ ನೋಡುತ್ತ ನಿಂತ.

*

ಸಾವಿನ ಮನೆಗೆ ಅಯ್ಯನವರು ಬಂದರು. ಅವರು ವಯಸ್ಸಿನಲ್ಲಿ ಸೋಮಶೇಖರನಿಗಿಂತ ಚಿಕ್ಕವರು, ಹೋದ ವರ್ಷ ತಂದೆ ತೀರಿಕೊಂಡ ಮೇಲೆ ಊರಿನ ಕಾರ್ಯಗಳಿಗೆ ಬರುತ್ತಿದ್ದರು. ಬಾಗಿಲಲ್ಲಿ ನಿಂತು ಗೋಡೆಗೆ ಒರಗಿಸಿದ್ದ ದೇಹವನ್ನೂ ಮುಂದಕ್ಕೆ ಚಾಚಿದ್ದ ಕಾಲನ್ನೂ ನೋಡಿದರು. ಯಾರೂ ವಿವರಿಸಬೇಕಾಗಲಿಲ್ಲ.

"ನಮ್ಮಪ್ಪಾರಿದ್ದಿದ್ರೆ ಏನಾದ್ರೂ ಹೇಳೋರು," ಎಂದರು. "ನಾನು ಇಂಥದ್ದು ಕಂಡಿಲ್ಲ."

ಸುನಂದಮ್ಮ ಸೋಮಶೇಖರನನ್ನು ಅಡುಗೆಮನೆಯ ಬಾಗಿಲಿಗೆ ಕರೆದಳು. ದನಿ ತಗ್ಗಿಸಿ ಹೇಳಿದಳು: "ನಮ್ಮತ್ತೆಗೂ ಮೈ ಸೆಟೆದೋಗಿತ್ತು ಕಣಪ್ಪ. ಕೀಲು ಮುರಿದು ಕೂರ್ಸಿದ್ರು. ಸತ್ತೋರ್ಗೆ ನೋವೆಲ್ಲಿ ಬತ್ತು? ಅವಳು ಕೂತೇ ಓಗ್ಬೇಕು. ನಮ್ಮಪ್ಪನ ಮನೇಲಿ ಯಾರ್ನೂ ಮಲಗ್ಸಿ ಕಳ್ಸಿಲ್ಲ."

"ಮುರಿಯಾಕೆ ಅದು ಮೂಳೆ ಅಲ್ಲ ದೊಡ್ಡವ್ವ."

"ಆ ಡಾಕ್ಟ್ರನ್ನ ಕೇಳು. ಹಾಕ್ದೋರಿಗೆ ತೆಗಿಯಾಕೆ ಬರಲ್ವಾ?"

ಸೋಮಶೇಖರ್ ಹಿತ್ತಲಿಗೆ ಹೋಗಿ ಫೋನ್ ಮಾಡಿದ. ಡಾಕ್ಟರು ತಕ್ಷಣ ಎತ್ತಲಿಲ್ಲ. ಸ್ವಲ್ಪ ಹೊತ್ತಿಗೆ ಅವರೇ ಮಾಡಿದರು. ಸೋಮಶೇಖರ್ ಸುದ್ದಿ ಹೇಳಿದ. ಅವನು ಏನು ಕೇಳುತ್ತಿದ್ದಾನೆಂದು ತಿಳಿಯಲು ಅವರು ಎರಡು ಸಲ ಹೇಳಿಸಿಕೊಳ್ಳಬೇಕಾಯಿತು.

"ಅವತ್ತು ಅಮ್ಮ ಇದನ್ನೇ ಕೇಳಿದ್ರು ಅನ್ಸುತ್ತೆ," ಎಂದರು. "ನನಗೆ ಅರ್ಥ ಆಗಲಿಲ್ಲ."

"ತೆಗಿಬೋದಾ ಡಾಕ್ಟ್ರೇ?"

"ಅದು ಮೂಳೆಗೆ ಬೆಸೆದುಕೊಂಡಿದೆ. ಇಲ್ಲಿಗೆ ಕರ್ಕೊಂಡು ಬಂದ್ರೂ ಮೂಳೆ ಉದ್ದಕ್ಕೂ ಸೀಳಬೇಕು. ನನ್ನ ತಾಯಿ ಆಗಿದ್ರೆ ನಾನು ಮಾಡಿಸ್ತಿರಲಿಲ್ಲ." ಆಮೇಲೆ ಕೇಳಬಾರದ್ದನ್ನು ಕೇಳುವವರಂತೆ ಕೇಳಿದರು: "ಕಾಲಲ್ಲಿ ಸೋಂಕು ಮತ್ತೆ ಬಂದಿರಲಿಲ್ಲ ಅಲ್ವಾ?"

"ಇಲ್ಲ ಡಾಕ್ಟ್ರೇ," ಎಂದ ಸೋಮಶೇಖರ್. "ಕಾಲು ಚೆನ್ನಾಗೈತೆ."

ಒಳಗೆ ಬಂದು ಆಗುವುದಿಲ್ಲವಂತೆ ಎಂದ. ಸುನಂದಮ್ಮ ಕಂಬಕ್ಕೆ ಒರಗಿ ಕುಸಿದು ಕೂತಳು. "ಅಂಗಾರೆ ಮಲಗ್ಸಿ. ಇನ್ನೇನ್ ಮಾಡೀರಿ. ಮಲಗ್ಸಿ ಮಣ್ ಮಾಡಿ," ಎಂದು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಅತ್ತಳು.

ಅಯ್ಯನವರು ಹೇಳಿದರು: "ಕೈಲಿ ಲಿಂಗ ಇದ್ರೆ ಸಾಕು ಅಂತ ನಂಗನ್ಸುತ್ತೆ ತಾಯಿ. ಮಲಗ್ಸೋದೋ ಕೂರ್ಸೋದೋ, ಮನೆಯೋರು ಎಂಗೇಳ್ತೀರೋ ಅಂಗೆ."

ಆಗ ಗಂಗಾಧರಪ್ಪ ಬಾಗಿಲಿಗೆ ಬಂದ.

"ಕೂರ್ಸಾದೇ," ಎಂದ.

"ಹೆಂಗೆ ಕೂರ್ಸೀರಿ ಗಂಗಾಧರಪ್ಪಾರೆ?" ಎಂದಳು ಸುನಂದಮ್ಮ.

"ಎಂಗ್ ಕೂರ್ತಿದ್ಲೋ ಅಂಗೆ." ಮೂಲೆಯಲ್ಲಿದ್ದ ಟವೆಲು ತೆಗೆದು ಹೆಗಲಿಗೆ ಹಾಕಿಕೊಂಡು, ಗುಂಡಿ ತೋಡುತ್ತಿದ್ದ ಹೊಲದ ಕಡೆ ನಡೆದ.

*

ರಾಡು ಹಾಕಿದ ಮೇಲೆ ಅವಳು ಮನೆಗೆ ಬಂದು ಎರಡು ವರ್ಷಕ್ಕೆ ಸ್ವಲ್ಪ ಹೆಚ್ಚೇ ಬದುಕಿದಳು. ಗಾಯ ಒಣಗಿತು. ಬಂದವರಿಗೆಲ್ಲ ಸೀರೆಯನ್ನು ಮಂಡಿಯವರೆಗೆ ಸರಿಸಿ ತೋರಿಸುವಳು. "ನೋಡವ್ವ, ಒಂದ್ ತೊಟ್ಟು ಕೀವಿಲ್ಲ. ಒಳಗೆ ಬೆಳ್ಳಿ ಐತೆ. ನಮ್ ಸೋಮ ಅವ್ವಂಗೆ ಕಾಲುಂಗ್ರ ಮಾಡ್ಸ್ಲಿಲ್ಲ, ಕಾಲೇ ಮಾಡ್ಸ್ಬುಟ್ಟ."

ನಗುವವರು ನಗುತ್ತಿದ್ದರು. ಹಜಾರದಲ್ಲಿ ಹೆಂಗಸರು ಸೊಪ್ಪು ಬೇರೆ ಮಾಡಲು ಕೂತಾಗ ಅವಳಿಗೊಂದು ಪ್ಲಾಸ್ಟಿಕ್ ಕುರ್ಚಿ. ಎಲ್ಲರ ತಲೆಯ ಮೇಲೆ ಒಬ್ಬಳೇ ಕೂತು ಮಾತಾಡುವುದು ಅವಳಿಗೆ ಒಗ್ಗಲಿಲ್ಲ. ಕ್ರಮೇಣ ಹಜಾರಕ್ಕೆ ಬರುವುದು ಕಡಿಮೆಯಾಯಿತು. ಲಿಂಗಪೂಜೆಗೂ ಅದೇ ಕುರ್ಚಿ. ಕಾಲನ್ನು ದೇವರ ಗೂಡಿನ ಕಡೆ ಚಾಚಬಾರದೆಂದು ಕುರ್ಚಿಯನ್ನು ಓರೆ ಮಾಡಿಕೊಂಡು, ಕತ್ತನ್ನಷ್ಟೇ ದೇವರ ಕಡೆ ತಿರುಗಿಸಿ ಕೂರುತ್ತಿದ್ದಳು. ಬಸ್ಸಿನಲ್ಲಿ ಹೋದರೆ ದಾರಿಯುದ್ದಕ್ಕೂ ಒಂದೇ ಮಾತು: "ಕಾಲು ನಿಮ್ ಕಡೆ ಬಂತು ಕಣಪ್ಪ, ತೆಪ್ಪು ತಿಳ್ಕಬ್ಯಾಡಿ. ಮಡಚಾಕಾಗಲ್ಲ."

ಒಂದು ಸಂಜೆ ಅವಳ ಮುಖ ಊದಿಕೊಂಡಿತ್ತು. ಪಾದವೂ ಊದಿಕೊಂಡಿತ್ತು, ಆದರೆ ಎರಡೂ ಪಾದ. ಕಾಲಿಗೇ ಏನೋ ಆಯಿತೆಂದು ಸೋಮಶೇಖರ್ ಗಾಬರಿಯಿಂದ ಅವಳನ್ನು ಕರೆದುಕೊಂಡು ಮೈಸೂರಿಗೆ ಓಡಿದ. ಡಾಕ್ಟರು ಕಾಲನ್ನು ನೋಡಿ ಏನೂ ಆಗಿಲ್ಲವೆಂದರು. ರಕ್ತದ ಪರೀಕ್ಷೆ ಬಂದಮೇಲೆ ಕುರ್ಚಿ ಎಳೆದುಕೊಂಡು ಎದುರಿಗೆ ಕೂತರು. ರಾಡು ಹಾಕುವ ಮೊದಲು ಸೋಂಕು ಹಿಡಿದಿಡಲು ಕೊಟ್ಟ ಆ ತಿಂಗಳುಗಟ್ಟಲೆಯ ಔಷಧಿ ಕಿಡ್ನಿಯನ್ನು ತಿಂದುಹಾಕಿತ್ತು. ಅದನ್ನು ಕೊಡದೆ ಇದ್ದಿದ್ದರೆ ಅವತ್ತೇ ಕಾಲು, ಕಾಲಿನ ಹಿಂದೆ ಜೀವ ಹೋಗುತ್ತಿತ್ತು.

"ಕೊಟ್ಟಿದ್ದು ತೆಪ್ಪಾ?" ಎಂದು ಕೇಳಿದಳು ಶಿವರುದ್ರಮ್ಮ. ಜಗಳಕ್ಕೆ ಕೇಳಿದ್ದಲ್ಲ. ತಿಳಿಯಬೇಕೆಂದು ಕೇಳಿದ್ದು.

"ಇಲ್ಲಮ್ಮ."

"ಇನ್ಯಾರ್ದಾರಾ ತೆಪ್ಪಾ?"

"ಇಲ್ಲಮ್ಮ. ಯಾರದ್ದೂ ಅಲ್ಲ."

"ಅಂಗಾರೆ ಸರಿ," ಎಂದಳು.

ಅಲ್ಲಿಂದ ಹುಣಸೂರಿಗೆ ಡಯಾಲಿಸಿಸ್ಸಿಗೆ ಹೋಗಿಬರುವುದು ಶುರುವಾಯಿತು. ಅವಳು ಆಟೋದ ಹಿಂದಿನ ಸೀಟಿನಲ್ಲಿ ಅಡ್ಡಲಾಗಿ ಕಾಲು ಚಾಚಿ ಕೂತರೆ ಗಂಗಾಧರಪ್ಪ ಡ್ರೈವರನ ಪಕ್ಕ ಅರ್ಧ ಸೀಟಿನಲ್ಲಿ ಕೂರಬೇಕಿತ್ತು. ಒಂದು ದಿನ ವಾಪಸು ಬರುವಾಗ ಅವಳು ಹಿಂದಿನಿಂದ ಕೇಳಿದಳು: "ಏನ್ರೀ, ನನ್ನ ಎಂಗ್ ಕೂರ್ಸ್ತೀರಿ?"

"ಈಗ ಕೂತಿದ್ದೀಯಲ್ಲ," ಎಂದ ಗಂಗಾಧರಪ್ಪ, ತಿರುಗದೆ.

"ನಾನ್ ಕೇಳ್ದಿದ್ದು ನಿಮ್ಗೆ ಗೊತ್ತಾಯ್ತು."

ಆಟೋ ರಸ್ತೆಯ ಗುಂಡಿ ತಪ್ಪಿಸಿಕೊಂಡು ಹೋಯಿತು. "ಅದೆಲ್ಲ ಈಗ್ಯಾಕೆ ಬುಡು," ಎಂದ ಅವನು. ಅವಳು ಹೊರಗೆ ಹಾದುಹೋಗುತ್ತಿದ್ದ ಶುಂಠಿ ಹೊಲಗಳನ್ನು ನೋಡುತ್ತ ಕೂತಳು.

*

ಚಾಮಯ್ಯ ಗುಂಡಿಯನ್ನು ಆಗಲೇ ಎದೆಮಟ್ಟಕ್ಕೆ ತೋಡಿದ್ದ. ಊರಿನಲ್ಲಿ ಯಾರು ಸತ್ತರೂ ಅವನೇ. ಇಳಿಯಲು ಮೆಟ್ಟಿಲು ಬಿಟ್ಟು, ಎದುರು ಗೋಡೆಯಲ್ಲಿ ಕೂರಿಸಲು ಗೂಡು ಕೊರೆಯುತ್ತಿದ್ದ. ಗಂಗಾಧರಪ್ಪ ದಂಡೆಯ ಮೇಲೆ ಕುಕ್ಕುರುಗಾಲಲ್ಲಿ ಕೂತು ವಿಷಯ ಹೇಳಿದ. ಚಾಮಯ್ಯ ಹಾರೆ ಊರಿ ನಿಂತು ಕೇಳಿಸಿಕೊಂಡ.

"ಗೂಡ್ನಿಂದ ಈಚೆಗೆ ಕಾಲಿಗೊಂದು ಕಾಲ್ವೆ ಅಂಗೆ ತೆಗಿಬೇಕು ಅನ್ನಿ."

"ಹೂಂ."

"ಎಷ್ಟುದ್ದ ಯಜಮಾನ್ರೆ?"

ಗಂಗಾಧರಪ್ಪನಿಗೆ ಗೊತ್ತಿರಲಿಲ್ಲ. ನಲವತ್ತು ವರ್ಷ ಜೊತೆಗಿದ್ದವಳ ಕಾಲಿನ ಉದ್ದ ಅವನು ಎಂದೂ ನೋಡಿಟ್ಟವನಲ್ಲ. ಮನೆಗೆ ಹೋಗಿ ದಾರ ಹಿಡಿದು ಅಳೆದುಕೊಂಡು ಬರಲು ಮನಸ್ಸು ಬರಲಿಲ್ಲ. ಚಾಮಯ್ಯ ಅರ್ಥ ಮಾಡಿಕೊಂಡು ತಾನೇ ಗೂಡಿನಲ್ಲಿ ಬೆನ್ನು ಕೊಟ್ಟು ಕೂತು, ತನ್ನ ಎಡಗಾಲನ್ನು ಚಾಚಿ, ಹಿಮ್ಮಡಿ ಮುಟ್ಟಿದ ಕಡೆ ಹಾರೆಯಿಂದ ಗೀರಿದ.

ಮಧ್ಯಾಹ್ನ ಇಳಿದ ಮೇಲೆ ಮನೆಯಿಂದ ಹೊರಡಿಸಿದರು. ಮರದ ಕುರ್ಚಿಗೆ ಬಿದಿರು ಕಟ್ಟಿ, ಬಾಳೆಕಂದು ಹೂವು ಸುತ್ತಿ ಶಿವರುದ್ರಮ್ಮನನ್ನು ಕೂರಿಸಿದ್ದರು. ಎಡಗಾಲಿನ ಕೆಳಗೆ ಒಂದು ಹಲಗೆ ಕೊಟ್ಟು ಬಿಗಿದಿತ್ತು. ಪುಟ್ಟಿ ಅದರ ಮೇಲೆ ಹೊಸ ಸೀರೆ ಹೊದಿಸಿದ್ದಳು. ಆದರೂ ಕಾಲು ಎಲ್ಲರಿಗಿಂತ ಮುಂದೆ ಚಾಚಿಕೊಂಡು ಬರುತ್ತಿತ್ತು. ಕೇರಿಯ ತಿರುವಿನಲ್ಲಿ ಲೈಟುಕಂಬಕ್ಕೆ ತಾಗುವಂತಾಗಿ ಹೊತ್ತವರು ಹಿಂದಕ್ಕೆ ಬರಬೇಕಾಯಿತು. "ವಸಿ ಎಡಕ್ಕೆ, ಕಾಲು ಕಾಲು," ಎಂದು ಯಾರೋ ಕೂಗಿದರು. ತಮಟೆಯವರು ಬಡಿಯುವುದನ್ನು ನಿಲ್ಲಿಸಿ ಗೋಡೆಗೆ ಅಂಟಿ ದಾರಿ ಬಿಟ್ಟರು. ಹೊತ್ತವರು ಮೂರನೆಯ ಪ್ರಯತ್ನಕ್ಕೆ ತಿರುಗಿಸಿದರು.

ಅಯ್ಯನವರು ಗುಂಡಿಯೊಳಗೆ ವಿಭೂತಿ, ಪತ್ರೆ ಹಾಕಿದರು. ಸೋಮಶೇಖರ್ ಮತ್ತು ಚಾಮಯ್ಯ ಕೆಳಗಿಳಿದು ನಿಂತು, ಮೇಲಿನವರು ಇಳಿಸಿದ ದೇಹವನ್ನು ತೋಳಿನಲ್ಲಿ ತೆಗೆದುಕೊಂಡರು. ಬೆನ್ನು ಗೂಡಿಗೆ ಕೊಟ್ಟರು. ಬಲಗಾಲು ಬೆಳಿಗ್ಗೆ ಮಡಚಿದಂತೆಯೇ ಕೂತಿತು. ಎಡಗಾಲನ್ನು ಕಾಲುವೆಗೆ ಇಳಿಸಿದರು.

ಕಾಲು ಇಳಿಯಲಿಲ್ಲ. ಹಿಮ್ಮಡಿ ಎದುರಿನ ಮಣ್ಣಿಗೆ ತಾಗಿ ನಿಂತಿತು. ಬೆನ್ನು ಗೂಡಿನಿಂದ ಈಚೆಗೆ ಉಳಿಯಿತು. ಅವಳು ಚಾಮಯ್ಯನಿಗಿಂತ ಎತ್ತರದವಳು. ಕುರ್ಚಿಯಲ್ಲೇ ಕೂತವಳನ್ನು ಕಂಡು ಕಂಡು ಅದು ಎಲ್ಲರಿಗೂ ಮರೆತುಹೋಗಿತ್ತು.

"ಒಂದ್ ಗೇಣು ಸಾಲ್ದು," ಎಂದ ಚಾಮಯ್ಯ. ಅವನ ದನಿ ಕುಗ್ಗಿತ್ತು. "ನನ್ ತೆಪ್ಪಾಯ್ತು ಯಜಮಾನ್ರೆ."

"ಮೇಲಕ್ಕೆತ್ಕಳದಾ?" ಎಂದರು ದಂಡೆಯ ಮೇಲಿದ್ದವರೊಬ್ಬರು.

"ಇಳ್ಸಿದ್ ಮೇಲೆ ಎತ್ತಬಾರ್ದು," ಎಂದಳು ಸುನಂದಮ್ಮ.

ಸೋಮಶೇಖರ್ ತಾಯಿಯ ಬೆನ್ನ ಹಿಂದೆ ನುಸುಳಿ ಗೂಡಿನೊಳಗೆ ತಾನೇ ಕೂತು, ಅವಳನ್ನು ತನ್ನ ಎದೆಗೆ ಒರಗಿಸಿಕೊಂಡ. ಅವಳ ತಲೆ ಅವನ ಭುಜಕ್ಕೆ ವಾಲಿತು. "ಅಗಿ ಚಾಮಯ್ಯ, ನಾನ್ ಹಿಡ್ಕಂಡಿರ್ತೀನಿ," ಎಂದ.

ಆ ಇಕ್ಕಟ್ಟಿನಲ್ಲಿ ಹಾರೆ ಬೀಸಲು ಜಾಗವಿರಲಿಲ್ಲ. ಚಾಮಯ್ಯ ಮಂಡಿಯೂರಿ ಕಳೆ ಕೀಳುವ ಕುಡುಗೋಲಿನಿಂದ ಸ್ವಲ್ಪಸ್ವಲ್ಪವೇ ಕೆರೆಯತೊಡಗಿದ. ಕೆಮ್ಮಣ್ಣು ಗಟ್ಟಿಯಾಗಿತ್ತು. ಹೆಂಟೆ ಸಿಡಿದು ಅವಳ ಪಾದದ ಮೇಲೆ ಬೀಳುತ್ತಿತ್ತು. ಅವನು ಪ್ರತಿ ಸಲವೂ ನಿಲ್ಲಿಸಿ ಒರೆಸುತ್ತಿದ್ದ.

ಗಂಗಾಧರಪ್ಪ ಮೆಟ್ಟಿಲಿಗೆ ಕಾಲಿಟ್ಟ. "ನೀ ಇಳೀಬ್ಯಾಡ ಅಪ್ಪಾಜಿ," ಎಂದು ಪುಟ್ಟಿ ತೋಳು ಹಿಡಿದಳು. ಅವನು ಕೈ ಬಿಡಿಸಿಕೊಂಡು, ಗೋಡೆ ಹಿಡಿದು ಒಂದೊಂದೇ ಮೆಟ್ಟಿಲು ಇಳಿದ. ಚಾಮಯ್ಯನ ಪಕ್ಕದಲ್ಲಿ ಕೂತು, ಪಂಚೆಯ ಚುಂಗಿನಿಂದ ಹೆಂಡತಿಯ ಪಾದದ ಮಣ್ಣು ಕೊಡವಿ, ಹಿಮ್ಮಡಿಯನ್ನು ಎರಡೂ ಅಂಗೈಯಲ್ಲಿ ಎತ್ತಿ ಹಿಡಿದ. ಪಾದ ಅವನು ಎಣಿಸಿದ್ದಕ್ಕಿಂತ ಭಾರವಾಗಿತ್ತು.

ಬಿಸಿಲು ಗುಂಡಿಯ ಅಂಚು ಬಿಟ್ಟು ಮೇಲಕ್ಕೆ ಹೋಯಿತು. ದಂಡೆಯ ಮೇಲೆ ಜನ ಮಣ್ಣು ಹಿಡಿದ ಮುಷ್ಟಿಯಲ್ಲೇ ಕಾಯುತ್ತ ನಿಂತಿದ್ದರು. ಕೆಳಗೆ ಮಗನ ಎದೆಗೊರಗಿ ಶಿವರುದ್ರಮ್ಮ ಕೂತಿದ್ದಳು. ಕುಡುಗೋಲು ಕೆರೆಯುತ್ತಿತ್ತು. ಗಂಗಾಧರಪ್ಪ ಆ ಕಾಲನ್ನು ಹಿಡಿದೇ ಇದ್ದ.